ಏಳು ಜನರ ಆಟ, ಒಂದು ಹೊಟ್ಟೆಪಾಡು



ಹ್ಯಾಂಡ್‌ಬಾಲ್ ಎಂದ ಕೂಡಲೆ ನಮ್ಮವರಲ್ಲಿ ಬಹಳ ಮಂದಿ "ಓಹೋ, ಥ್ರೋಬಾಲಾ?" ಎನ್ನುತ್ತಾರೆ. ಅದು ಸಹಜವೇ. ಕರ್ನಾಟಕದ ಹೆಣ್ಣುಮಕ್ಕಳ ಶಾಲೆಗಳಲ್ಲಿ ಥ್ರೋಬಾಲ್ ಆಡದೆ ಬೆಳೆದವರು ಕಡಿಮೆ. ನಡುವೆ ಒಂದು ಬಲೆ, ಆ ಕಡೆಯಿಂದ ಬಂದ ಚೆಂಡನ್ನು ಹಿಡಿದು ಈ ಕಡೆಯಿಂದ ಎಸೆಯುವುದು, ಯಾರ ಮೈಗೆ ಯಾರೂ ತಾಗುವಂತಿಲ್ಲ. ಹ್ಯಾಂಡ್‌ಬಾಲ್ ಹಾಗಲ್ಲ. ಫುಟ್‌ಬಾಲನ್ನು ಕೈಯಲ್ಲಿ ಆಡಿ, ಅದಕ್ಕೆ ಬ್ಯಾಸ್ಕೆಟ್‌ಬಾಲಿನ ಓಟ ಸೇರಿಸಿ, ಮೇಲೆ ಸ್ವಲ್ಪ ಕಬಡ್ಡಿಯ ತಳ್ಳಾಟ ಬೆರೆಸಿದರೆ ಏನಾಗುತ್ತದೋ ಅದು ಹ್ಯಾಂಡ್‌ಬಾಲ್.

ಅಂಕಣ 40 ಮೀಟರ್ ಉದ್ದ, 20 ಮೀಟರ್ ಅಗಲ. ಒಂದೊಂದು ಕಡೆಗೆ ಗೋಲಿಯೂ ಸೇರಿ ಏಳು ಜನ. ಗೋಲು ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರ. ಅದರ ಮುಂದೆ ಆರು ಮೀಟರಿನ ಗೆರೆ. ಆ ಗೆರೆಯೊಳಗಿನ ನೆಲದಲ್ಲಿ ಗೋಲಿಯನ್ನು ಬಿಟ್ಟರೆ ಯಾರೂ ಕಾಲೂರುವಂತಿಲ್ಲ. ಆದರೆ ಗೆರೆಯ ಹೊರಗಿನಿಂದ ಹಾರಿ, ಗಾಳಿಯಲ್ಲಿರುವಾಗಲೇ ಚೆಂಡು ಎಸೆದು, ಆಮೇಲೆ ಒಳಗೆ ಬಿದ್ದರೆ ಅಡ್ಡಿಯಿಲ್ಲ. ಈ ಆಟದ ಸೊಗಸೆಲ್ಲ ಆ ಹಾರಿಕೆಯಲ್ಲಿದೆ. ಚೆಂಡು ಕೈಯಲ್ಲಿದ್ದಾಗ ಮೂರು ಹೆಜ್ಜೆ, ಮೂರು ಸೆಕೆಂಡು. ಅಷ್ಟರಲ್ಲಿ ಪುಟಿಸಬೇಕು, ಕೊಡಬೇಕು ಇಲ್ಲವೇ ಹೊಡೆಯಬೇಕು. ಅರ್ಧರ್ಧ ಗಂಟೆಯ ಎರಡು ಅವಧಿ. ಒರಟಾಗಿ ಹಿಡಿದೆಳೆದರೆ ಎರಡು ನಿಮಿಷ ಹೊರಗೆ ಕೂರಬೇಕು. ಮೂರು ಸಲ ಹಾಗಾದರೆ ಆ ಪಂದ್ಯದ ಮಟ್ಟಿಗೆ ಆಟ ಮುಗಿಯಿತು.

ಇಷ್ಟು ಪೀಠಿಕೆ ಯಾಕೆಂದರೆ, ನಾನು ನಾಗಪುರದಲ್ಲಿ ಕೆಲವು ವರ್ಷ ಇದ್ದವನು. ಅಲ್ಲಿ ನಮ್ಮ ಪರಿಚಯದ ಒಂದು ಕುಟುಂಬವಿದೆ, ವಿಜಾಪುರದ ಕಡೆಯವರು. ಅವರ ಮಗಳು ಹನ್ನೊಂದನೇ ತರಗತಿಯವಳು, ಶಾಲಾ ತಂಡದಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಮಟ್ಟದ ಪಂದ್ಯಗಳಿಗೆ ಹೋಗಿ ಬಂದವಳು. ಮೊನ್ನೆ ಹೋದಾಗ ಆಕೆಯ ತಾಯಿ ಚಹಾ ಕೊಟ್ಟು ಎದುರಿಗೆ ಕುಳಿತು ನೇರವಾಗಿ ಕೇಳಿದರು: "ಅಣ್ಣಾರ, ಎಲ್ಲಾ ಖರೇ ಅದ, ಕಪ್ಪು, ಪದಕ ಎಲ್ಲಾ ಕಪಾಟಿನ್ಯಾಗ ಅವ. ಇದರಾಗ ಹೊಟ್ಟಿ ತುಂಬತದೇನ್ರಿ?"

ಈ ಪ್ರಶ್ನೆ ಆ ಒಬ್ಬ ತಾಯಿಯದಷ್ಟೇ ಅಲ್ಲ. ಕ್ರಿಕೆಟ್ ಅಲ್ಲದ ಯಾವ ಆಟವನ್ನೇ ಮಕ್ಕಳು ಹಿಡಿದರೂ ನಿಮ್ಮ ಮನೆಯಲ್ಲೂ ಇದೇ ಪ್ರಶ್ನೆ ಏಳುತ್ತದೆ. ಆದ್ದರಿಂದ ಅವರಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತಾರವಾಗಿ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಈ ಆಟ ನಿಜವಾಗಿ ಅನ್ನ ಕೊಡುವ ನಾಡುಗಳ ಮಾತು. ಡೆನ್ಮಾರ್ಕಿನ ಹೋಲ್ಗರ್ ನೀಲ್ಸನ್ ಎಂಬ ಶಾಲಾ ಶಿಕ್ಷಕ 1906ರಲ್ಲಿ ಇದರ ನಿಯಮಗಳನ್ನು ಅಚ್ಚುಹಾಕಿಸಿದ. ಜರ್ಮನರು ಅದನ್ನು ಬಯಲಿನ ಹನ್ನೊಂದು ಜನರ ಆಟವಾಗಿ ಬೆಳೆಸಿದರು. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಆಡಿದ್ದು ಅದನ್ನೇ. ಏಳು ಜನರ ಒಳಾಂಗಣ ಆಟ ಒಲಿಂಪಿಕ್ಸಿಗೆ ಬಂದದ್ದು 1972ರ ಮ್ಯೂನಿಕ್‌ನಲ್ಲಿ, ಹೆಂಗಸರ ವಿಭಾಗ 1976ರ ಮಾಂಟ್ರಿಯಲ್‌ನಲ್ಲಿ. ಜರ್ಮನಿ, ಫ್ರಾನ್ಸ್, ಡೆನ್ಮಾರ್ಕ್, ಸ್ಪೇನ್, ಹಂಗೇರಿಗಳಲ್ಲಿ ಇಂದು ಇದು ಪೂರ್ತಿ ವೃತ್ತಿ. ಕ್ಲಬ್ಬು ಸಂಬಳ ಕೊಡುತ್ತದೆ, ಮೊಣಕಾಲಿಗೆ ಪೆಟ್ಟಾದರೆ ಚಿಕಿತ್ಸೆ ಮಾಡಿಸುತ್ತದೆ, ಕರಾರು ಮುಗಿದರೆ ಇನ್ನೊಂದು ಕ್ಲಬ್ಬು ಕರೆಯುತ್ತದೆ.

ಫ್ರಾನ್ಸಿನ ನಿಕೊಲಾ ಕರಾಬಾಟಿಚ್ ಎಂಬ ಆಟಗಾರನನ್ನೇ ತೆಗೆದುಕೊಳ್ಳಿ. ಹುಟ್ಟಿದ್ದು 1984ರಲ್ಲಿ, ಆಗಿನ ಯುಗೊಸ್ಲಾವಿಯಾದ ನಿಶ್ ಊರಿನಲ್ಲಿ. ತಂದೆ ಗೋಲಿ. ಆಟದ ಕೆಲಸ ಹಿಡಿದು ತಂದೆ ಫ್ರಾನ್ಸಿಗೆ ಬಂದರು, ಮಗ ಅಲ್ಲೇ ಬೆಳೆದ. ಮಾಂಟ್‌ಪೆಲಿಯೆ, ಜರ್ಮನಿಯ ಕೀಲ್, ಬಾರ್ಸಿಲೋನಾ, ಕೊನೆಗೆ ಪ್ಯಾರಿಸ್ ಎಂದು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕ್ಲಬ್ಬುಗಳಲ್ಲಿ ಆಡಿದ. 2008, 2012 ಮತ್ತು 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್, ಹೀಗೆ ಮೂರು ಚಿನ್ನ. 2024ರ ಆಗಸ್ಟಿನಲ್ಲಿ ಲಿಲ್ ನಗರದ ಕ್ರೀಡಾಂಗಣದಲ್ಲಿ ತನ್ನ ದೇಶದ ಜನರೆದುರಿಗೇ ಜರ್ಮನಿಯೊಂದಿಗೆ ಕ್ವಾರ್ಟರ್ ಫೈನಲ್. ಹೆಚ್ಚುವರಿ ಸಮಯಕ್ಕೆ ಹೋಗಿ 34–35ರಲ್ಲಿ ಫ್ರಾನ್ಸ್ ಸೋತಿತು. ಕರಾಬಾಟಿಚ್‌ಗೆ ಅದೇ ಕೊನೆಯ ಪಂದ್ಯ. ವಯಸ್ಸು ನಲವತ್ತು. ಇನ್ನೊಂದು ಮಾತನ್ನೂ ಹೇಳಿಬಿಡಬೇಕು: 2012ರ ಒಂದು ಲೀಗ್ ಪಂದ್ಯದ ಬಾಜಿ ಪ್ರಕರಣದಲ್ಲಿ ಆತನ ಹೆಸರೂ ಬಂದು, ಮುಂದೆ ನ್ಯಾಯಾಲಯ ದಂಡ ಹಾಕಿತು. ದುಡ್ಡಿರುವ ಕಡೆ ದುಡ್ಡಿನ ತಾಪತ್ರಯಗಳೂ ಇರುತ್ತವೆ.

ಇನ್ನು ನಮ್ಮ ದೇಶಕ್ಕೆ ಬರೋಣ. ಭಾರತದ ಹ್ಯಾಂಡ್‌ಬಾಲ್ ಫೆಡರೇಷನ್ ಹುಟ್ಟಿದ್ದು 1972ರಲ್ಲಿ. 1982ರ ದಿಲ್ಲಿ ಏಷ್ಯನ್ ಕ್ರೀಡಾಕೂಟದಲ್ಲಿ ಹ್ಯಾಂಡ್‌ಬಾಲ್ ಮೊದಲ ಬಾರಿಗೆ ಸೇರಿತು. ಅಪ್ಪು ಆನೆಯ ಆ ಕೂಟ ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು, ಹ್ಯಾಂಡ್‌ಬಾಲ್ ಮಾತ್ರ ಯಾರಿಗೂ ನೆನಪಿರಲಾರದು. ಅಲ್ಲಿಂದ ಸುಮಾರು ನಲವತ್ತು ವರ್ಷ ಈ ಆಟದಲ್ಲಿ "ವೃತ್ತಿಪರ" ಎಂಬ ಪದಕ್ಕೆ ನಮ್ಮಲ್ಲಿ ಇದ್ದದ್ದು ಒಂದೇ ಅರ್ಥ: ಆಟದ ಬಲದಿಂದ ಸಿಕ್ಕ ಸರಕಾರಿ ನೌಕರಿ. ರೈಲ್ವೆ, ಸೈನ್ಯ, ಪೊಲೀಸು, ಅರೆಸೇನಾ ಪಡೆಗಳು. ರಾಷ್ಟ್ರೀಯ ಪಂದ್ಯಾವಳಿಗಳಲ್ಲಿ ರೈಲ್ವೆಯ ಹೆಂಗಸರ ತಂಡ, ಸರ್ವಿಸಸ್‌ನ ಗಂಡಸರ ತಂಡ ಮೇಲುಗೈ ಸಾಧಿಸುತ್ತಿದ್ದುದಕ್ಕೆ ಇದೇ ಕಾರಣ. ಬೇರೆ ರಾಜ್ಯಗಳ ಒಳ್ಳೆಯ ಆಟಗಾರರೆಲ್ಲ ನೌಕರಿ ಹುಡುಕಿಕೊಂಡು ಅಲ್ಲಿಗೇ ಹೋಗಿರುತ್ತಾರೆ.

2023ರಲ್ಲಿ ಮೊದಲ ಸಲ ಬೇರೊಂದು ಬಾಗಿಲು ತೆರೆಯಿತು. ಕಬಡ್ಡಿಗೆ 2014ರಲ್ಲಿ ಪ್ರೊ ಕಬಡ್ಡಿ ಬಂದಂತೆ, ಹ್ಯಾಂಡ್‌ಬಾಲಿಗೆ ಪ್ರೀಮಿಯರ್ ಹ್ಯಾಂಡ್‌ಬಾಲ್ ಲೀಗ್ ಬಂತು. ಜೂನ್ ತಿಂಗಳಲ್ಲಿ ಜೈಪುರದ ಸವಾಯಿ ಮಾನಸಿಂಗ್ ಒಳಾಂಗಣದಲ್ಲಿ ಆರು ತಂಡಗಳು ಆಡಿದವು. ನಮ್ಮವರಿಗೆಂದರೆ ಸ್ವಲ್ಪ ಬೇಸರದ ಸಂಗತಿ, ಆ ಆರರಲ್ಲಿ ಕರ್ನಾಟಕದ ಹೆಸರಿನ ತಂಡ ಇರಲಿಲ್ಲ. ನಾಗಪುರದವರಿಗೆ ಸಂತೋಷದ ಸಂಗತಿ, ಮೊದಲ ಕಪ್ಪು ಗೆದ್ದದ್ದು ಮಹಾರಾಷ್ಟ್ರ ಐರನ್‌ಮೆನ್. ಫೈನಲ್‌ನಲ್ಲಿ ಸೋತದ್ದು ಗೋಲ್ಡನ್ ಈಗಲ್ಸ್ ಉತ್ತರಪ್ರದೇಶ. ಟೀವಿಯಲ್ಲಿ ಬಣ್ಣದ ದೀಪ, ಹೊರದೇಶದ ಆಟಗಾರರು, ಎಲ್ಲ ಇತ್ತು. ಆದರೆ ಲೆಕ್ಕ ಹಾಕಿ ನೋಡಿ: ಮೂರು ವಾರದೊಳಗೆ ಮುಗಿಯುವ ಪಂದ್ಯಾವಳಿ, ಅದೂ ಗಂಡಸರಿಗೆ ಮಾತ್ರ. ಉಳಿದ ನಲವತ್ತೊಂಬತ್ತು ವಾರ ಮನೆಯ ಬಾಡಿಗೆ, ಹಾಲು, ಮೊಟ್ಟೆ, ಬೂಟಿನ ಖರ್ಚು ಯಾರು ಕೊಡಬೇಕು? ಲೀಗು ಬಂದದ್ದು ಒಳ್ಳೆಯದೇ, ಬೇಡ ಎನ್ನುವವನು ನಾನಲ್ಲ. ಆದರೆ ಆ ತಾಯಿಯ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ.

ಹಾಗಾದರೆ ಉತ್ತರ ಎಲ್ಲಿದೆ? ಹಳೆಯ ದಾರಿಯಲ್ಲೇ ಇದೆ, ಮತ್ತು ಆ ದಾರಿಗೆ ಸ್ಪಷ್ಟವಾದ ಮೈಲಿಗಲ್ಲುಗಳಿವೆ. ರೈಲ್ವೆಯ ಕ್ರೀಡಾ ಕೋಟಾವನ್ನೇ ನೋಡಿ. ನಾಗಪುರದಲ್ಲಿ ಮಧ್ಯ ರೈಲ್ವೆಗೂ ಆಗ್ನೇಯ ಮಧ್ಯ ರೈಲ್ವೆಗೂ ಒಂದೊಂದು ವಿಭಾಗೀಯ ಕಚೇರಿ ಇರುವುದರಿಂದ ಅಲ್ಲಿನ ಮಕ್ಕಳ ಕಿವಿಗೆ ಈ ಸುದ್ದಿ ಬೇಗ ಬೀಳುತ್ತದೆ. ಜಾಹೀರಾತು ಬರುತ್ತದೆ, ಯಾವ ಆಟಕ್ಕೆ, ಯಾವ ಸ್ಥಾನದ ಆಟಗಾರ ಬೇಕು ಎಂದು ಹೇಳಿರುತ್ತಾರೆ. ಅಂಕ ನೂರು: ಹಿಂದಿನ ಸಾಧನೆಗೆ 50, ಮೈದಾನದ ಪರೀಕ್ಷೆಗೆ 40, ಓದಿಗೆ 10. ಮೈದಾನದ 40ರಲ್ಲಿ 25 ಬಾರದಿದ್ದರೆ ಮುಂದಿನದನ್ನು ನೋಡುವುದೇ ಇಲ್ಲ. ವಯಸ್ಸು 18ರಿಂದ 25. ಈ 25ಕ್ಕೆ ಯಾವ ಸಡಿಲಿಕೆಯೂ ಇಲ್ಲ. ಇನ್ನೊಂದು ಕಟ್ಟುನಿಟ್ಟು: ಸಾಧನೆ ಇತ್ತೀಚಿನ ವರ್ಷಗಳದ್ದಾಗಿರಬೇಕು. ಹತ್ತನೇ ತರಗತಿಯಲ್ಲಿ ಗೆದ್ದ ಪದಕ ಇಪ್ಪತ್ತೆರಡನೆಯ ವಯಸ್ಸಿಗೆ ಕೆಲಸಕ್ಕೆ ಬಾರದು. ಸೇರಿದರೆ ಏಳನೆಯ ವೇತನ ಆಯೋಗದ ಲೆಕ್ಕದಲ್ಲಿ ಮೊದಲ ಹಂತದ ಮೂಲವೇತನ 18,000 ರೂಪಾಯಿ, ಎರಡನೆಯ ಹಂತದ್ದು 19,900. ಮೇಲೆ ತುಟ್ಟಿಭತ್ಯೆ, ಪಾಸು, ಆಸ್ಪತ್ರೆ.

"ಆತ್ರಿ, ಇಷ್ಟಾದ್ರೂ ಅದ ಅಂದ್ರ" ಎಂದು ಆ ತಾಯಿ ಮೊದಲ ಸಲ ನಕ್ಕದ್ದು ಈ ಪಾಸಿನ ಮಾತು ಬಂದಾಗ. ವಿಜಾಪುರಕ್ಕೆ ಹೋಗಿಬರುವ ರೈಲಿನ ಖರ್ಚು ಅವರಿಗೆ ಮಾತ್ರ ಗೊತ್ತು.

ಮಹಾರಾಷ್ಟ್ರ ಸರಕಾರ 2005ರಿಂದ ತನ್ನ ನೌಕರಿಗಳಲ್ಲಿ ಆಟಗಾರರಿಗೆ ಶೇಕಡಾ 5 ಮೀಸಲಾತಿ ಇಟ್ಟಿದೆ. ಹತ್ತು, ಹನ್ನೆರಡನೆಯ ತರಗತಿಯ ಪರೀಕ್ಷೆಯಲ್ಲಿ ಆಟಗಾರರಿಗೆ ಹೆಚ್ಚುವರಿ ಅಂಕ ಕೊಡುವ ಪದ್ಧತಿಯೂ ಇದೆ. ಇಲ್ಲಿ ಹೊರನಾಡ ಕನ್ನಡಿಗರು ಕಿವಿಗೊಡಬೇಕಾದ ಒಂದು ವಿಷಯವಿದೆ. ರಾಜ್ಯದ ಮೀಸಲಾತಿಗೆ ಆ ರಾಜ್ಯದ ವಾಸದ ಪ್ರಮಾಣಪತ್ರ ಬೇಕು. ವರ್ಗವಾಗುವ ನೌಕರಿಯಲ್ಲಿರುವ ತಂದೆತಾಯಿಗಳು ನಾಲ್ಕು ವರ್ಷ ನಾಗಪುರ, ಮೂರು ವರ್ಷ ಭೋಪಾಲ, ಆಮೇಲೆ ಹುಬ್ಬಳ್ಳಿ ಎಂದು ತಿರುಗುತ್ತಾರೆ. ಮಗು ಆಡಿದ್ದು ಒಂದು ರಾಜ್ಯಕ್ಕೆ, ಕಾಗದಪತ್ರ ಇನ್ನೊಂದು ರಾಜ್ಯದ್ದು ಎಂದಾದರೆ ಪದಕಕ್ಕೆ ಬೆಲೆಯಿದ್ದೂ ಇಲ್ಲದಂತೆ. ಕೇಂದ್ರ ಸರಕಾರದ ಕೋಟಾಕ್ಕೆ ಈ ತೊಂದರೆ ಇಲ್ಲ. ಹುಡುಗಿಯ ತಂದೆಗೆ ಇನ್ನು ಎರಡು ವರ್ಷದಲ್ಲಿ ವರ್ಗವಾಗುವ ಸಂಭವವಿದೆ. ಅವರು ಆಟದ ಮಾತು ಬಂದಾಗಲೆಲ್ಲ ಸುಮ್ಮನಾಗುತ್ತಿದ್ದುದು ಇದಕ್ಕೇ ಎಂದು ನನಗೆ ಅಂದೇ ಗೊತ್ತಾದದ್ದು.

ಪ್ರಮಾಣಪತ್ರದ ವಿಷಯದಲ್ಲಿ ಇನ್ನೂ ಒಂದು ಮುಳ್ಳು. ಮಾನ್ಯತೆ ಪಡೆದ ಸಂಸ್ಥೆ ಕೊಟ್ಟ ಕಾಗದಕ್ಕೆ ಮಾತ್ರ ಅಂಕ. ಕಳೆದ ಕೆಲವು ವರ್ಷಗಳಲ್ಲಿ ಭಾರತದ ಹ್ಯಾಂಡ್‌ಬಾಲ್ ಆಡಳಿತದಲ್ಲೂ ಬಣಗಳ ಜಗಳ ಎದ್ದು ನ್ಯಾಯಾಲಯದವರೆಗೆ ಹೋಯಿತು. ಮೇಲಿನವರ ಕುರ್ಚಿಯ ಜಗಳದಲ್ಲಿ ಪೆಟ್ಟು ಬೀಳುವುದು ಹದಿನೇಳು ವರ್ಷದ ಮಕ್ಕಳಿಗೆ. ಯಾವ ಪಂದ್ಯಾವಳಿ ಯಾರ ಹೆಸರಿನಲ್ಲಿ ನಡೆಯುತ್ತಿದೆ, ಅದಕ್ಕೆ ಮಾನ್ಯತೆ ಇದೆಯೇ ಎಂದು ಹೊರಡುವ ಮೊದಲೇ ಜಿಲ್ಲಾ ಕ್ರೀಡಾಧಿಕಾರಿಯ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ನಾಚಿಕೆ ಬೇಡ.

ನಾಗಪುರದಲ್ಲಿ ಕ್ರೀಡಾ ಕೋಟಾ ಎಂದರೆ ಎಲ್ಲರೂ ಮೊದಲು ಹೇಳುವುದು ಉಮೇಶ್ ಯಾದವ್ ಕಥೆ. ತಂದೆ ಕಲ್ಲಿದ್ದಲ ಗಣಿಯ ಕಾರ್ಮಿಕ, ಮನೆ ಖಾಪರಖೇಡಾ ಬಳಿಯ ವಲ್ನಿ ಗಣಿ ವಸತಿಯಲ್ಲಿ. ಮಗ ಸೈನ್ಯಕ್ಕೂ ಪೊಲೀಸಿಗೂ ಪ್ರಯತ್ನಿಸಿದ, ಆಗಲಿಲ್ಲ. ಟೆನಿಸ್ ಚೆಂಡಿನಲ್ಲಿ ಆಡುತ್ತಿದ್ದ ಹುಡುಗ 2008ರಲ್ಲಿ ವಿದರ್ಭ ತಂಡಕ್ಕೆ ಬಂದ, 2011ರಲ್ಲಿ ಟೆಸ್ಟ್ ಆಡಿದ. ಕೊನೆಗೆ 2017ರಲ್ಲಿ ನಾಗಪುರದ ರಿಸರ್ವ್ ಬ್ಯಾಂಕ್ ಕಚೇರಿಯಲ್ಲಿ ಕ್ರೀಡಾ ಕೋಟಾದಡಿ ಸಹಾಯಕ ಮ್ಯಾನೇಜರ್ ಆದ. ಕ್ರಿಕೆಟ್‌ನಲ್ಲಿ ಅಷ್ಟು ಮೇಲೇರಿದವನಿಗೂ ತಿಂಗಳ ಸಂಬಳದ ಕುರ್ಚಿಯೊಂದು ಬೇಕೆನಿಸಿತು ನೋಡಿ. ಕ್ರಿಕೆಟ್ಟಿಗನಿಗೆ ಆ ನೌಕರಿ ಊಟದ ಮೇಲಿನ ಪಾಯಸ. ಹ್ಯಾಂಡ್‌ಬಾಲ್ ಆಟಗಾರ್ತಿಗೆ ಅದೇ ಊಟ.

ಆಟದ ನೆಲದ ಬಗ್ಗೆಯೂ ನಾಲ್ಕು ಮಾತು ಹೇಳಲೇಬೇಕು. ಯುರೋಪಿನಲ್ಲಿ ಇದು ಮರದ ಅಥವಾ ರಬ್ಬರಿನ ನೆಲದ ಮೇಲೆ, ಬೆಚ್ಚಗಿನ ಸಭಾಂಗಣದಲ್ಲಿ ನಡೆಯುವ ಆಟ. ಚೆಂಡು ಜಾರದಿರಲೆಂದು ಕೈಗೆ ಅಂಟು ಹಚ್ಚಿಕೊಳ್ಳುತ್ತಾರೆ. ನಮ್ಮಲ್ಲಿ ಬಹುಪಾಲು ಮಕ್ಕಳು ಕಲಿಯುವುದು ಮಣ್ಣಿನ ಅಥವಾ ಸಿಮೆಂಟಿನ ಮೈದಾನದಲ್ಲಿ. ನಾಗಪುರದ ಮಾನಕಾಪುರದಲ್ಲಿ ವಿಭಾಗೀಯ ಕ್ರೀಡಾ ಸಂಕುಲ ಇದೆ, ದೊಡ್ಡ ಒಳಾಂಗಣವೂ ಇದೆ. ಆದರೆ ಒಂದು ಜಿಲ್ಲೆಯ ಎಲ್ಲ ಆಟಗಳ ಎಲ್ಲ ಮಕ್ಕಳೂ ದಿನವೂ ಅಲ್ಲೇ ಆಡುವುದು ಎಲ್ಲಿ ಸಾಧ್ಯ? ಬ್ಯಾಸ್ಕೆಟ್‌ಬಾಲ್ ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ಹ್ಯಾಂಡ್‌ಬಾಲಿಗೆ ಅದರ ಎರಡರಷ್ಟು ಜಾಗಕ್ಕೆ ಸ್ವಲ್ಪವೇ ಕಡಿಮೆ ಬೇಕು. ಆದ್ದರಿಂದ ಹೆಚ್ಚಿನ ಅಭ್ಯಾಸ ಬಯಲಲ್ಲೇ. ಹಾರಿ ಎಸೆದವಳು ಸಿಮೆಂಟಿನ ಮೇಲೆ ಬೀಳುತ್ತಾಳೆ. ನಮ್ಮ ಹುಡುಗಿಯ ಮೊಣಕೈ, ಸೊಂಟದ ಪಕ್ಕ ಸದಾ ತರಚು ಗಾಯ. ಅರಿಸಿನ ಹಚ್ಚಿ ಮಲಗಿಸುವುದು ತಾಯಿಯ ಕೆಲಸ.

ಮೇ ತಿಂಗಳಲ್ಲಿ ನಾಗಪುರದ ಬಿಸಿಲು 45 ಡಿಗ್ರಿ ದಾಟುವುದು ನಿಮಗೂ ಗೊತ್ತಿರಬಹುದು. ವಿದರ್ಭದ ಶಾಲೆಗಳು ಈ ಬಿಸಿಲಿಗಾಗಿಯೇ ಉಳಿದ ಮಹಾರಾಷ್ಟ್ರಕ್ಕಿಂತ ತಡವಾಗಿ, ಜೂನ್ ಕೊನೆಗೆ ತೆರೆಯುತ್ತವೆ. ಆಗ ಅಭ್ಯಾಸ ಬೆಳಗಿನ ಐದೂವರೆಗೆ ಶುರು, ಎಂಟಕ್ಕೆ ಮುಕ್ತಾಯ. ಆಮೇಲೆ ನೆಲ ಕಾಯ್ದ ಹೆಂಚು.

ಗಾಯ ಎಂದಾಗ ಬರೀ ತರಚು ಅಲ್ಲ. ಓಡುತ್ತ ಓಡುತ್ತ ದಿಕ್ಕು ಬದಲಿಸುವ, ಒಂಟಿಕಾಲಲ್ಲಿ ನೆಲಕ್ಕಿಳಿಯುವ ಆಟ ಇದು. ಮೊಣಕಾಲಿನೊಳಗಿನ ಅಸ್ಥಿರಜ್ಜು ಹರಿಯುವ ಅಪಾಯ ಹೆಚ್ಚು, ಹುಡುಗಿಯರಿಗೆ ಹುಡುಗರಿಗಿಂತ ಹೆಚ್ಚು. ಶಸ್ತ್ರಚಿಕಿತ್ಸೆಯಾದರೆ ಮತ್ತೆ ಮೈದಾನಕ್ಕೆ ಬರಲು ಹೆಚ್ಚುಕಡಿಮೆ ಒಂದು ವರ್ಷ. ಹದಿನೆಂಟರಿಂದ ಇಪ್ಪತ್ತೈದರ ನಡುವಿನ ಏಳು ವರ್ಷದಲ್ಲಿ ಒಂದು ವರ್ಷ ಹೋಯಿತೆಂದರೆ ಎಷ್ಟು ದೊಡ್ಡ ನಷ್ಟ, ನೀವೇ ಯೋಚಿಸಿ. ಆದ್ದರಿಂದ ತೊಡೆಯ ಸ್ನಾಯು ಗಟ್ಟಿಮಾಡುವ, ಸರಿಯಾಗಿ ನೆಲಕ್ಕಿಳಿಯಲು ಕಲಿಸುವ ವ್ಯಾಯಾಮವನ್ನು ತರಬೇತುದಾರರು ಮಾಡಿಸುತ್ತಿದ್ದಾರೆಯೇ ಎಂದು ನೋಡಿ. ದಿನಕ್ಕೆ ಹದಿನೈದು ನಿಮಿಷದ ಕೆಲಸ. ಮಕ್ಕಳಿಗೆ ಅದು ಬೇಜಾರು, ತಪ್ಪಿಸಿಕೊಳ್ಳುತ್ತಾರೆ.

ಇಷ್ಟೆಲ್ಲ ಕಷ್ಟ ಹೇಳಿದ ಮೇಲೆ ಒಂದು ಹಳ್ಳಿಯ ಹೆಸರು ಹೇಳುತ್ತೇನೆ, ಬರೆದಿಟ್ಟುಕೊಳ್ಳಿ: ಮೊರಸಿಂಘಿ. ಹಿಮಾಚಲ ಪ್ರದೇಶದ ಬಿಲಾಸಪುರ ಜಿಲ್ಲೆಯಲ್ಲಿದೆ. ಸ್ನೇಹಲತಾ ಎಂಬ ಮಾಜಿ ಆಟಗಾರ್ತಿ, ತಮ್ಮ ಪತಿ ಸಚಿನ್ ಚೌಧರಿ ಅವರೊಂದಿಗೆ ಅಲ್ಲಿ ಹೆಣ್ಣುಮಕ್ಕಳಿಗಾಗಿ ಹ್ಯಾಂಡ್‌ಬಾಲ್ ತರಬೇತಿ ನಡೆಸಿದರು. ಗುಡ್ಡಗಾಡಿನ ಸಾಮಾನ್ಯ ಮನೆಗಳ ಹುಡುಗಿಯರು ಅಲ್ಲಿಂದ ಭಾರತ ತಂಡಕ್ಕೆ ಒಬ್ಬರ ಹಿಂದೆ ಒಬ್ಬರು ಬಂದರು. 2022ರ ಮಾರ್ಚಿನಲ್ಲಿ ಕಜಕಸ್ತಾನದ ಅಲ್ಮಾಟಿಯಲ್ಲಿ ಭಾರತದ ಕಿರಿಯ ಹೆಂಗಸರ ತಂಡ ಥಾಯ್ಲೆಂಡನ್ನು 41–18ರಿಂದ ಸೋಲಿಸಿ ಏಷ್ಯಾದ ಚಿನ್ನ ಗೆದ್ದಾಗ ಈ ಹಳ್ಳಿಯಲ್ಲಿ ಆಡಿ ಬೆಳೆದವರು ಆ ತಂಡದಲ್ಲಿದ್ದರು. ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲೂ 2016, 2019 ಎರಡು ಸಲವೂ ನಮ್ಮ ಹೆಂಗಸರದೇ ಚಿನ್ನ. ಈ ಸುದ್ದಿಗಳು ಪತ್ರಿಕೆಯ ಕ್ರೀಡಾಪುಟದ ಮೂಲೆಯಲ್ಲಿ ನಾಲ್ಕು ಸಾಲು ಬಂದು ಹೋದವು. ಮೊರಸಿಂಘಿಯಲ್ಲಿ ದೊಡ್ಡ ದುಡ್ಡಿರಲಿಲ್ಲ, ಬಿಡದೆ ಹಿಂದೆ ನಿಂತ ಇಬ್ಬರಿದ್ದರು. ನಾಗಪುರದವರಿಗೆ ಇದು ಹೊಸದೇನಲ್ಲ. ಹಿಸ್ಲಾಪ್ ಕಾಲೇಜಿನ ಕ್ರೀಡಾ ಅಧ್ಯಾಪಕರಾಗಿದ್ದ ವಿಜಯ್ ಬರ್ಸೆ 2001ರಲ್ಲಿ ಕೊಳೆಗೇರಿಯ ಮಕ್ಕಳನ್ನು ಕಟ್ಟಿಕೊಂಡು ಫುಟ್‌ಬಾಲ್ ಶುರುಮಾಡಿದ್ದು ಇದೇ ಊರಲ್ಲಿ. ಅವರ ಮೇಲೆ 2022ರಲ್ಲಿ ಅಮಿತಾಭ್ ಬಚ್ಚನ್ ನಟಿಸಿದ ಸಿನಿಮಾ ಬಂದ ಮೇಲೆ ಉಳಿದವರಿಗೂ ಗೊತ್ತಾಯಿತು.

ಹುಡುಗಿಯ ಬಗ್ಗೆ ಒಂದು ಮಾತು ಬಾಕಿ ಉಳಿಯಿತು. ಆಕೆ ಎಡಚಿ. ಚಿಕ್ಕವಳಿದ್ದಾಗ ಎಡಗೈಯಲ್ಲಿ ಊಟಕ್ಕೆ ಕೈಹಾಕಿದರೆ, ಎಡಗೈಯಲ್ಲಿ ದುಡ್ಡು ಕೊಟ್ಟರೆ ಅಜ್ಜಿಯಿಂದ ಬೈಗುಳ. ಅಂಗಡಿಯವನಿಗೆ ಕೊಡುವಾಗಲೂ "ಬಲಗೈಲೆ ಕೊಡವ್ವಾ" ಎಂಬ ಪಾಠ. ಹ್ಯಾಂಡ್‌ಬಾಲಿನಲ್ಲಿ ಇದೇ ಕೈ ಚಿನ್ನ. ಅಂಕಣದ ಬಲಬದಿಯಿಂದ ಬರುವ ಆಟಗಾರ್ತಿ ಬಲಗೈಯವಳಾದರೆ ಆಕೆಗೆ ಕಾಣುವ ಗೋಲು ಕಿರಿದು, ಕೈ ಮೈಯ ಹೊರಬದಿಗೆ ಹೋಗಿರುತ್ತದೆ. ಎಡಗೈಯವಳಾದರೆ ಅದೇ ಜಾಗದಿಂದ ಗೋಲಿನ ಕೋನ ಅಗಲವಾಗಿ ತೆರೆದುಕೊಳ್ಳುತ್ತದೆ. ಹಾಗಾಗಿ ಬಲ ಮೂಲೆಗೂ ಬಲ ಹಿಂಬದಿಗೂ ಜಗತ್ತಿನ ಎಲ್ಲ ತಂಡಗಳೂ ಎಡಗೈಯವರನ್ನು ಹುಡುಕುತ್ತವೆ. ಎಡಗೈಯವರು ಎಲ್ಲೆಲ್ಲೂ ಕಡಿಮೆಯಾದ್ದರಿಂದ ಪೈಪೋಟಿಯೂ ಕಡಿಮೆ. ರೈಲ್ವೆಯ ಜಾಹೀರಾತಿನಲ್ಲಿ ಸ್ಥಾನ ಯಾವುದೆಂದು ಬರೆಯುತ್ತಾರೆ ಎಂದೆನಲ್ಲ, ಅದಕ್ಕೂ ಇದಕ್ಕೂ ಸಂಬಂಧವಿದೆ. ಇದನ್ನು ಹೇಳಿದಾಗ ಒಳಕೋಣೆಯಲ್ಲಿ ಮಲಗಿದ್ದ ಅಜ್ಜಿ ಕೂಗಿ ಕೇಳಿದರು: "ಏನಂದ್ಯೋ ಯಪ್ಪಾ, ಎಡಗೈಗೆ ಪಗಾರ ಕೊಡ್ತಾರ?"

ಆಟ ಮುಗಿದ ಮೇಲಿನ ಬದುಕನ್ನೂ ಈಗಲೇ ನೋಡಿಟ್ಟುಕೊಳ್ಳಬೇಕು. ಮೂವತ್ತು, ಮೂವತ್ತೆರಡಕ್ಕೆ ಮೈ ಸಾಕೆನ್ನುತ್ತದೆ. ನೌಕರಿ ಸಿಕ್ಕವರು ಕಚೇರಿಯ ಮೇಜಿಗೆ ಹಿಂತಿರುಗುತ್ತಾರೆ. ಅಲ್ಲಿ ಬಡ್ತಿ ಓದಿನ ಮೇಲೆ. ಸಿಗದವರಿಗೆ ಬಿ.ಪಿ.ಎಡ್. ಮಾಡಿ ಶಾಲೆಯ ದೈಹಿಕ ಶಿಕ್ಷಕರಾಗುವುದು, ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಪಡೆದು ತರಬೇತುದಾರರಾಗುವುದು, ಇಲ್ಲವೇ ತೀರ್ಪುಗಾರರಾಗುವುದು, ಇವು ದಾರಿಗಳು. ಮೊದಲ ಎರಡಕ್ಕೆ ಸಾಮಾನ್ಯವಾಗಿ ಪದವಿ ಬೇಕು. ಆದ್ದರಿಂದ "ಆಟಕ್ಕಾಗಿ ಕಾಲೇಜು ಬಿಡಿಸಿ" ಎಂದು ಯಾವ ತರಬೇತುದಾರರಾದರೂ ಹೇಳಿದರೆ ಕೈಮುಗಿದು ಎದ್ದು ಬನ್ನಿ. ವಿಶ್ವವಿದ್ಯಾಲಯದ ತಂಡದಲ್ಲಿ ಆಡಬೇಕಾದರೂ ವಿದ್ಯಾರ್ಥಿಯೇ ಆಗಿರಬೇಕು, ಅಂತರ ವಿಶ್ವವಿದ್ಯಾಲಯ ಪಂದ್ಯದ ಪದಕಕ್ಕೆ ನೌಕರಿಯ ಲೆಕ್ಕದಲ್ಲಿ ಒಳ್ಳೆಯ ಅಂಕವೂ ಇದೆ.

ಆ ದಿನ ನಾವು ಮಾಡಿದ್ದು ಇಷ್ಟು. ಒಂದು ಕಾಗದದ ಮೇಲೆ ಹದಿನೇಳರಿಂದ ಇಪ್ಪತ್ತೈದರವರೆಗೆ ವರ್ಷ ಬರೆದೆವು. ಹನ್ನೆರಡನೆಯ ತರಗತಿ, ವಾಣಿಜ್ಯ ಪದವಿ, ನಾಗಪುರ ವಿಶ್ವವಿದ್ಯಾಲಯದ ತಂಡದ ಆಯ್ಕೆ, ರಾಷ್ಟ್ರೀಯ ಕಿರಿಯರ ಪಂದ್ಯಾವಳಿ. ಇಪ್ಪತ್ತೊಂದರ ಎದುರಿಗೆ ಒಂದು ಗೆರೆ. ಅಷ್ಟರಲ್ಲಿ ರಾಷ್ಟ್ರಮಟ್ಟದ ಸ್ಥಾನ ಬಾರದಿದ್ದರೆ ಆಟ ಹವ್ಯಾಸವಾಗಿ ಇರಲಿ, ಬ್ಯಾಂಕ್ ಪರೀಕ್ಷೆಗೆ ಓದಲಿ ಎಂದು ತಂದೆಯೇ ತಮ್ಮ ಕೈಯಾರೆ ಬರೆದರು. ತಂದೆಗೆ ವರ್ಗವಾದರೆ ಮಗಳು ತಾಯಿಯೊಂದಿಗೆ ನಾಗಪುರದಲ್ಲೇ ಇರುವುದೆಂದೂ ಬರೆದರು. ಇಷ್ಟು ದಿನ ಸುಮ್ಮನಿದ್ದವರು ಮೊದಲ ಸಲ ಬಾಯಿಬಿಟ್ಟು, ಎರಡು ಮನೆಯ ಖರ್ಚು ಎಷ್ಟಾದೀತೆಂದು ನನ್ನೆದುರಿಗೇ ಕೂಡಿಸಿ ನೋಡಿದರು. ಹುಡುಗಿ ಮಾತ್ರ ಇಪ್ಪತ್ತೊಂದನ್ನು ಹೊಡೆದು ಇಪ್ಪತ್ತೆರಡು ಮಾಡಿದಳು, ಯಾರೂ ಬೇಡವೆನ್ನಲಿಲ್ಲ. ಕಾಗದ ಈಗ ಅವರ ಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದೆ.

ನಿಮ್ಮ ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಇಂಥ ಮಗು ಇದ್ದರೆ ಮೊದಲು ಒಂದು ಕಡತ ಮಾಡಿ. ಪ್ರತಿ ಪಂದ್ಯದ ಪ್ರಮಾಣಪತ್ರ, ಅದರ ದಿನಾಂಕ, ನಡೆಸಿದ ಸಂಸ್ಥೆಯ ಹೆಸರು, ತಂಡಕ್ಕೆ ಬಂದ ಸ್ಥಾನ. ಹೆಸರು ಎಲ್ಲ ಕಾಗದದಲ್ಲೂ ಒಂದೇ ಬಗೆಯಾಗಿದೆಯೇ ನೋಡಿ. ನಮ್ಮ ಕನ್ನಡ ಹೆಸರುಗಳನ್ನು ಮರಾಠಿಯವರು ಒಂದು ಥರ, ಹಿಂದಿಯವರು ಇನ್ನೊಂದು ಥರ ಬರೆದುಬಿಡುತ್ತಾರೆ, ಪರಿಶೀಲನೆಯ ಹೊತ್ತಿಗೆ ಅದೇ ತಕರಾರು. ಆ ಹುಡುಗಿಯ ಏಳು ಪ್ರಮಾಣಪತ್ರಗಳಲ್ಲಿ ಮೂರು ಥರ ಹೆಸರಿತ್ತು. ಈಗ ಅವನ್ನು ಸರಿಪಡಿಸಲು ತಾಯಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದಾರೆ.